ಗುರುತಿಲ್ಲದ ಗುರಾಣಿ

ಹೆಂಗಸರು ನಲವತ್ತು ದಾಟಿದ ಮೇಲೆ ಬಂಗಾರ ಮಾಡಿಸಿಕೊಳ್ಳುತ್ತಾರೆ. ನಾನು ಕಬ್ಬಿಣ ಮಾಡಿಸಿಕೊಂಡೆ. ಸಣ್ಣ ಸಣ್ಣ ಉಂಗುರಗಳನ್ನು ಒಂದಕ್ಕೊಂದು ಕೋದು ಹೆಣೆದ ಅಂಗಿ, ಮೊಣಕಾಲಿಗೆ ತಗಡಿನ ಚಿಪ್ಪು, ತಲೆಗೆ ಕಣ್ಣಿನ ಹತ್ತಿರ ಮಾತ್ರ ಸೀಳು ಬಿಟ್ಟ ಶಿರಸ್ತ್ರಾಣ. ಇಷ್ಟನ್ನೂ ತೊಟ್ಟು ಭಾನುವಾರಗಳಲ್ಲಿ ಎಸ್ಕಿಲ್‌ಸ್ಟುನಾದ ಕೊಮ್ಯೂನ್‌ನವರು, ಅಂದರೆ ಇಲ್ಲಿನ ನಗರಸಭೆಯವರು, ಬಾಡಿಗೆಗೆ ಕೊಡುವ ಹಾಲ್ ಒಂದರಲ್ಲಿ ನನ್ನಷ್ಟೇ ವಯಸ್ಸಾದವರ ಜೊತೆ ಬೆತ್ತದ ಕತ್ತಿ ಹಿಡಿದು ಬಡಿದಾಡುತ್ತೇನೆ. ಯಾಕೆ ಎಂದು ಕೇಳಬೇಡಿ. ಉತ್ತರ ಗೊತ್ತಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲ.

ಚಿಕ್ಕವಳಿದ್ದಾಗ ಸವಣೂರಿನಲ್ಲಿ ಜ್ವರ ಬಂದು ಡಾಕ್ಟರ ಬಾಗಿಲಲ್ಲಿ ಕಾಯುತ್ತಾ ಕೂತಿದ್ದೆ. ಅಲ್ಲಿದ್ದ ಯಾವುದೋ ಹಳೆಯ ವಿದೇಶಿ ಪತ್ರಿಕೆಯಲ್ಲಿ ಪೂರ್ತಿ ಕವಚ ತೊಟ್ಟ ಸರದಾರನ ಚಿತ್ರವಿತ್ತು. ತಲೆಯಿರುವ ಬಚ್ಚಲ ಹಂಡೆ ಎಂದುಕೊಂಡೆ. ಅದರೊಳಗೆ ಮನುಷ್ಯ ಇರುತ್ತಾನೆ ಎಂದು ಕಂಪೌಂಡರ್ ಹೇಳಿದ. ಜ್ವರ ಮೂರು ದಿನಕ್ಕೆ ಬಿಟ್ಟಿತು, ಇದು ಬಿಡಲಿಲ್ಲ.

ಈಗ ನಾನು ಮಣ್ಣು ಅಗೆಯುವ ಯಂತ್ರಗಳ ತೋಳಿನ ಕೀಲುಗಳನ್ನು ವಿನ್ಯಾಸ ಮಾಡುವ ಎಂಜಿನಿಯರ್. ಕವಚದ ಮೊಣಕೈ ನೋಡಿದರೆ ನನಗೆ ಆಫೀಸೇ ನೆನಪಾಗುತ್ತದೆ, ಆಫೀಸಿನಲ್ಲಿ ಕವಚ ನೆನಪಾಗುತ್ತದೆ. ಆದರೆ ಗೊಂದಲ ಅದಲ್ಲ. ನಮ್ಮೂರಲ್ಲಿ ನವಾಬರಿದ್ದರು, ಅವರ ಕಾಲದ ಕಲ್ಲಿನ ಗೋಡೆಗೆ ನಾವು ಚೆಂಡು ಹೊಡೆದು ಆಡುತ್ತಿದ್ದೆವು. ಅವರು ಯುದ್ಧಕ್ಕೆ ಏನು ತೊಡುತ್ತಿದ್ದರು ಎಂದು ಒಂದು ದಿನವೂ ಕೇಳಿದವಳಲ್ಲ. ಮನಸ್ಸು ಹೋದದ್ದು ಎಲ್ಲೋ ಇದ್ದ ಸರದಾರರ ಕಡೆಗೆ. "ನಿನ್ನ ಆ ವೀರರು ಎದುರು ಸಿಕ್ಕಿದ್ರೆ ಮೊದಲು ನಿನ್ನ ಮೇಲೇ ಕತ್ತಿ ಎತ್ತೋರು, ಗೊತ್ತಾ?" ಎಂದು ನನ್ನ ಗಂಡ ಇಮ್ತಿಯಾಜ್ ಆಗಾಗ ನೆನಪಿಸುತ್ತಾರೆ. ಹೌದಲ್ಲ ಅನಿಸುತ್ತದೆ. ಆಮೇಲೆ ಹೋಗಿ ಅಂಗಿಗೆ ಎಣ್ಣೆ ಹಚ್ಚುತ್ತೇನೆ.

ನಮ್ಮ ಸಂಘ ಬೇಸಿಗೆಯಲ್ಲಿ ಬಯಲಿನಲ್ಲಿ ಗುಡಾರ ಹಾಕಿ ಒಂದು ವಾರದ ಶಿಬಿರ ನಡೆಸುತ್ತದೆ. ಬೇರೆ ಊರಿನ ಸಂಘಗಳೂ ಬರುತ್ತವೆ. ಅಲ್ಲಿ ಮೆರವಣಿಗೆ, ಆಮೇಲೆ ದೊಡ್ಡ ಕಾಳಗ. ಅದರಲ್ಲಿ ಸಾಲಿಗೆ ನಿಲ್ಲಬೇಕಾದರೆ ಪ್ರತಿಯೊಬ್ಬರ ಗುರಾಣಿಯ ಮೇಲೆ ಅವರದೇ ಲಾಂಛನ ಇರಬೇಕು, ಅದಕ್ಕೆ ಸಂಘದ ಒಪ್ಪಿಗೆ ಬೇಕು. ಇಲ್ಲದಿದ್ದರೆ ಬೇಲಿಯ ಆಚೆ ಪ್ರೇಕ್ಷಕರ ಜೊತೆ ಕೂತು ಬನ್ನು ತಿನ್ನಬಹುದು. ನಾನು ಚಳಿಗಾಲವಿಡೀ ಏಟು ತಿಂದದ್ದು ಬನ್ನು ತಿನ್ನುವುದಕ್ಕಲ್ಲ. ನನಗೆ ಆ ಸಾಲಿನಲ್ಲಿ ನಿಲ್ಲಲೇಬೇಕಿತ್ತು.

ಲಾಂಛನ ಬಂದದ್ದೇ ಮುಖ ಕಾಣದ್ದರಿಂದ. ಎಲ್ಲರೂ ತಲೆಗೆ ಕಬ್ಬಿಣದ ಕೊಡ ಮಗುಚಿಕೊಂಡರೆ ನಮ್ಮವನು ಯಾರು, ಅವರವನು ಯಾರು? ಅದಕ್ಕೇ ಗುರಾಣಿಗೆ ಬಣ್ಣ ಬಳಿದರು. ಕಾಳಗ ಮುಗಿದ ಮೇಲೆ ಲಾಂಛನ ಓದಬಲ್ಲವರು ಬಯಲಿನಲ್ಲಿ ತಿರುಗಿ, ಬಿದ್ದವರು ಯಾವ ಮನೆಯವರೆಂದು ಹೇಳುತ್ತಿದ್ದರಂತೆ. ಸ್ವೀಡನ್ನಿನಲ್ಲಿ ಮಕ್ಕಳ ಡಾಗಿಸ್‌ನಲ್ಲೂ, ಅಂದರೆ ಶಿಶುವಿಹಾರದಲ್ಲೂ, ಟೋಪಿ, ಕೈಚೀಲ, ಬೂಟು ಎಲ್ಲದಕ್ಕೂ ಹೆಸರಿನ ಪಟ್ಟಿ ಹಚ್ಚಿ ಕಳಿಸಬೇಕು. ಇಲ್ಲದಿದ್ದರೆ ಸಂಜೆ ಇನ್ನೊಬ್ಬರ ಟೋಪಿ ಮನೆಗೆ ಬರುತ್ತದೆ.

ಸಂಘದಲ್ಲಿ ಲಾಂಛನಗಳನ್ನು ನೋಡಿಕೊಳ್ಳುವವರು ರಾಲ್ಫ್, ನಿವೃತ್ತ ಬಸ್ ಚಾಲಕರು. ಇಲ್ಲಿ ಎಲ್ಲರಿಗೂ ಏಕವಚನ, ಆದರೂ ಕನ್ನಡದಲ್ಲಿ ಬರೆಯುವಾಗ ನನ್ನ ಕೈ ತಾನಾಗಿ ಬಹುವಚನಕ್ಕೆ ಹೋಗುತ್ತದೆ. ಸಾಧು ಮನುಷ್ಯ, ಆದರೆ ನಿಯಮದ ವಿಷಯಕ್ಕೆ ಬಂದರೆ ಹೊತ್ತಿಗೆ ಸರಿಯಾಗಿ ಬಸ್ಸು ಹೊರಡಿಸಿದ ಕೈ ಅದು. ಮೊದಲು ಗಂಡಭೇರುಂಡ ಬರೆದುಕೊಂಡು ಹೋದೆ. ಎರಡು ತಲೆಯ ಹಕ್ಕಿ ಯುರೋಪಿನ ಸಾಮ್ರಾಟರದ್ದು ಎಂದರು. ನಮ್ಮ ಕಡೆ ಅದು ಸರ್ಕಾರಿ ಬಸ್ಸಿನ ಮೇಲೂ ಇರುತ್ತದೆ ಎಂದೆ. ಬಸ್ಸು ಎಂದಾಗ ಒಂದು ಕ್ಷಣ ಕರಗಿದರು, ಆಮೇಲೆ, ಹಾಗಾದರೆ ಅದು ಸರ್ಕಾರದ್ದಾಯಿತು, ಇನ್ನೂ ಕಷ್ಟ ಎಂದರು. ಎರಡನೆಯ ಸಲ ಹಸಿರು ಮೈಮೇಲೆ ಕೆಂಪು ಮಾವಿನಕಾಯಿ ಬರೆದೆ. ಕಡುಬಣ್ಣದ ಮೇಲೆ ಕಡುಬಣ್ಣ ಕೂರಿಸಬಾರದು, ಒಂದಾದರೂ ಬೆಳ್ಳಿಯೋ ಬಂಗಾರವೋ ಆಗಬೇಕು, ಆಗ ದೂರದಿಂದ ಕಾಣುತ್ತದೆ ಎಂಬ ನಿಯಮವಿದೆಯಂತೆ. "ಈ ನಿಯಮ ನಮ್ಮೂರಿಗೆ ಬಂದ್ರೆ ಸೀರೆ ಅಂಗಡಿ ಎಲ್ಲಾ ಮುಚ್ಚಬೇಕು" ಎಂದರು ಇಮ್ತಿಯಾಜ್. ಹಾಗೆಂದವರೇ, ನಿನ್ನ ಯಂತ್ರದ ಬಕೆಟ್ಟನ್ನೇ ಹಾಕು ಎಂದು ಸಲಹೆಯನ್ನೂ ಕೊಟ್ಟರು. ಅದನ್ನೂ ಒಯ್ದೆ. ರಾಲ್ಫ್ ಅದನ್ನು ಬಹಳ ಹೊತ್ತು ನೋಡಿ, ನನ್ನನ್ನೂ ನೋಡಿ, ಫೀಕಾಗೆ ಹೋಗೋಣ ಎಂದರು. ಇಲ್ಲಿ ಕಾಫಿಗೆ ಕರೆದರೆಂದರೆ ಬೇಡವೆನ್ನುವುದನ್ನು ಮೆತ್ತಗೆ ಹೇಳುತ್ತಿದ್ದಾರೆಂದೇ ಅರ್ಥ.

ಮಗಳು ಝೋಯಾ ಎಂಟು ವರ್ಷದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಸ್ವೀಡಿಷ್‌ನಲ್ಲೇ ಉತ್ತರ ಕೊಡುವವಳು. ಹರಿದು ಹಾಕಿದ ಚಿತ್ರಗಳನ್ನು ನೋಡಿ, ಹಾಗಾದರೆ ನಮಗೆ ಅಂತ ಏನೂ ಇಲ್ಲವಾ ಎಂದು ಕೇಳಿದಳು. ಅದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ಸವಣೂರಿನಲ್ಲಿರುವ ತಾಯಿಗೆ ಫೋನು ಹಚ್ಚಿದೆ.

ಅಮ್ಮಿ ನನ್ನ ಜೊತೆ ಮಾತಾಡುವುದು ದಖನಿ ಉರ್ದುವಿನಲ್ಲಿ. ಆದರೆ ಗೆಲ್ಲುವ ಮಾತುಗಳನ್ನೆಲ್ಲ ಕನ್ನಡದಲ್ಲೇ ಆಡುತ್ತಾರೆ. ಗುರಾಣಿ, ಸಾಲು, ರಾಲ್ಫ್ ಎಲ್ಲವನ್ನೂ ವಿವರಿಸಿ, ನಮ್ಮ ಮನೆತನಕ್ಕೆ ಅಂಥದ್ದೇನಾದರೂ ಇತ್ತೇ ಎಂದು ಕೇಳಿದೆ.

"ಅಂದ್ರ, ಭಾಂಡೆಕ್ಕ ಗುರ್ತು ಹಾಕಸ್ತಾರಲ್ಲ, ಹಂಗ?"

ಹೆಚ್ಚುಕಡಿಮೆ ಹಾಗೆಯೇ ಎಂದೆ. ನಮ್ಮ ಓಣಿಯಲ್ಲಿ ಮದುವೆಯಾಗಲಿ ಸಾವಾಗಲಿ, ಎಲ್ಲ ಮನೆಯ ಪಾತ್ರೆಗಳು, ದೇಗು, ಪರಾತ, ಬಕೆಟ್ಟು ಎಲ್ಲ ಒಂದೇ ಅಂಗಳಕ್ಕೆ ಬರುತ್ತಿದ್ದವು. ಊಟ ಮುಗಿದು ತೊಳೆದು ರಾಶಿ ಹಾಕಿದ ಮೇಲೆ ಅವರವರದನ್ನು ಅವರವರು ಹುಡುಕಿಕೊಳ್ಳಬೇಕು. ಅದಕ್ಕೆ ಒಬ್ಬರು ಹೆಸರು ಕೊರೆಸುತ್ತಿದ್ದರು, ಒಬ್ಬರು ಹಸಿರು ಪಟ್ಟೆ ಬಳಿಸುತ್ತಿದ್ದರು, ಇನ್ನೊಬ್ಬರು ಹಿಡಿಕೆಗೆ ತಂತಿ ಸುತ್ತುತ್ತಿದ್ದರು.

"ನಮ್ದಕ್ಕೆಲ್ಲಿ ಗುರ್ತವಾ? ಎಲ್ಲಾರೂ ಹಾಕಸ್ತಿದ್ರಲ್ಲ, ಗುರ್ತಿಲ್ಲದ್ದೆಲ್ಲಾ ನಮ್ದ."

ಮರುವಾರ ರಾಲ್ಫ್ ಮುಂದೆ ಖಾಲಿ ಹಾಳೆ ಇಟ್ಟೆ. ತಿರುಗಿಸಿ ಹಿಂಬದಿಯನ್ನೂ ನೋಡಿದರು. ಬಣ್ಣ ಯಾವುದು ಎಂದಾಗ, ಸ್ಟೀಲಿನದು, ಅಂದರೆ ನಿಮ್ಮ ಬೆಳ್ಳಿ ಎಂದೆ. ಏನೂ ಬರೆಯದ, ಒಂದೇ ಬಣ್ಣದ ಗುರಾಣಿಗಳು ಹಿಂದಿನ ಕಾಲದಲ್ಲೂ ಇದ್ದವೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅದೇ ಅವರ ಸಂಕಟವಾಯಿತು. ಏನೂ ಇಲ್ಲದವಳು ಎನ್ನುವ ಹಾಗೂ ಇಲ್ಲ, ಏನೋ ಇದೆ ಎನ್ನುವ ಹಾಗೂ ಇಲ್ಲ. ಕೊನೆಗೆ ಒಪ್ಪಿಗೆ ಕೊಟ್ಟರು. ಇನ್ನು ಮುಂದೆ ಖಾಲಿ ಗುರಾಣಿ ನನ್ನೊಬ್ಬಳದೇ, ಬೇರೆ ಯಾರೂ ಖಾಲಿ ಬಿಡುವಂತಿಲ್ಲ ಎಂದೂ ಘೋಷಿಸಿದರು. ಬದುಕಿನಲ್ಲಿ ಮೊದಲ ಸಲ ಒಂದು ಶೂನ್ಯ ನನ್ನ ಹೆಸರಿಗಾಯಿತು.

ಶಿಬಿರದಲ್ಲಿ ಸಾಲಿಗೆ ನಿಂತೆ. ಬೇಲಿಯ ಆಚೆ ಝೋಯಾ ತನ್ನ ಪಕ್ಕದ ಹುಡುಗಿಗೆ ನನ್ನನ್ನು ಬೆರಳು ಮಾಡಿ ತೋರಿಸುತ್ತಿದ್ದುದು ಸೀಳಿನಿಂದ ಕಂಡಿತು, ಎದೆ ತುಂಬಿತು. ಆಮೇಲೆ ನಡೆದ ಕಾಳಗದಲ್ಲಿ ಯಾರು ಯಾರಿಗೆ ಹೊಡೆದರೋ ತಿಳಿಯಲಿಲ್ಲ, ನಾನಂತೂ ಬೇಗನೇ ಸತ್ತೆ. ಸಂಜೆ ಎಲ್ಲರೂ ಬೇಲಿಗೆ ಒರಗಿಸಿಟ್ಟಿದ್ದ ತಮ್ಮ ಸಿಂಹ, ಹಂಸ, ನಕ್ಷತ್ರಗಳನ್ನು ಎತ್ತಿಕೊಂಡು ಹೋದರು. ಕೊನೆಗೆ ನನ್ನದೊಂದು ಉಳಿಯಬೇಕಿತ್ತು. ಎರಡು ಉಳಿದಿದ್ದವು. ಒಂದೇ ಅಳತೆ, ಒಂದೇ ಬಣ್ಣ, ಎರಡರ ಮೇಲೂ ಏನೂ ಇಲ್ಲ.

ಮತ್ತೆ ಅಮ್ಮಿಗೇ ಫೋನು ಮಾಡಿದೆ. ಗುರುತಿಲ್ಲದ್ದು ಎರಡು ಬಂದರೆ ಏನು ಮಾಡುತ್ತಿದ್ದಿರಿ?

"ಎರಡೂ ಒಳಗ ಇಟ್ಕೋತಿದ್ದೆ. ಕಳಕೊಂಡವ್ರು ಕೇಳ್ಕೋತ ಬರ್ತಿದ್ರು. ಬಂದವ್ರಿಗೆ ಚಾ ಮಾಡ್ತಿದ್ದೆ. ಲಗ್ನಾಗಿ ಬಂದಾಗ ಆ ಓಣ್ಯಾಗ ನನಗ್ಯಾರ ಗೊತ್ತಿದ್ರು? ಗುರ್ತು ಹಾಕಿಸಿ ಕುಂತಿದ್ರ ನಮ್ಮನಿಗೆ ಯಾರ ಬರ್ತಿದ್ರು?"

ಹನ್ನೊಂದು ವರ್ಷದಿಂದ ಈ ಊರಲ್ಲಿದ್ದೇನೆ. ಮುಂಚೆ ದಿನ ಗೊತ್ತುಮಾಡಿಕೊಳ್ಳದೆ ನನ್ನ ಬಾಗಿಲು ಬಡಿದವರು ಪಾರ್ಸೆಲ್ ತರುವವರು ಮಾತ್ರ. ಎರಡೂ ಗುರಾಣಿಗಳನ್ನು ಗುಡಾರದೊಳಗೆ ಇಟ್ಟು ಸ್ಟೋವಿನ ಮೇಲೆ ನೀರಿಟ್ಟೆ.

ನೀರು ಕುದಿಯುವಷ್ಟರಲ್ಲಿ ಹೊರಗೆ ಯಾರೋ ಕೆಮ್ಮಿದರು. ತನ್ನ ಗುರಾಣಿ ಕೇಳಿಕೊಂಡು ಬಂದ ಮಾರಿತ್ ಎಂಬ ನರ್ಸ್. ಉತ್ತರದ ಉಮೆಯೊ ಊರಿನ ಸಂಘದವಳು, ಗುರಾಣಿಗೆ ಬಣ್ಣ ಬಳಿಯಲು ಪುರಸೊತ್ತಾಗದೆ ಹಾಗೇ ತಂದಿದ್ದಳಂತೆ. ಕಾಳಗದ ಗಡಿಬಿಡಿಯಲ್ಲಿ ಯಾರೂ ತಡೆಯಲಿಲ್ಲವಂತೆ. ಎರಡನ್ನೂ ಮುಂದಿಟ್ಟೆ. ಅವಳಿಗೂ ತನ್ನದು ಯಾವುದೆಂದು ತಿಳಿಯಲಿಲ್ಲ. ಏಲಕ್ಕಿ ಜಜ್ಜಿ ಹಾಕಿದ ಚಹಾ ಕುಡಿಯುತ್ತಾ ಇಬ್ಬರೂ ಬಹಳ ಹೊತ್ತು ಕೂತೆವು. ನಿಯಮ ಮೀರಿದವಳನ್ನು ಹುಡುಕಿಕೊಂಡು ಬಂದ ರಾಲ್ಫ್ ಎರಡು ಖಾಲಿ ಗುರಾಣಿಗಳನ್ನು ನೋಡಿದರು, ನಮ್ಮನ್ನು ನೋಡಿದರು, ಸಕ್ಕರೆ ಕೇಳಿದರು.

ಹೊರಡುವಾಗ ಮಾರಿತ್ ಯಾವುದೋ ಒಂದನ್ನು ಎತ್ತಿಕೊಂಡು ಹೋದಳು. ಅದು ನನ್ನದೇ ಇರಬೇಕೆಂದು ನನಗೆ ಅನುಮಾನ. ಉಮೆಯೊ ಇಲ್ಲಿಂದ ದೂರವೇ, ಆದರೂ ಒಂದು ದಿನ ಕೇಳಿಕೊಂಡು ಹೋಗಬೇಕು.