ತುಂಬದ ಹೊಂಡ

ಮೊನ್ನೆ ಖಾಸಬಾಗದ ತವರಿಗೆ ಹೋದರೆ ದೇವರ ಕೋಣೆಯ ಬಾಗಿಲು ತೆರೆಯಲೇ ಇಲ್ಲ. ಭುಜ ಕೊಟ್ಟು ನೂಕಿದೆ. ಕೊನೆಗೆ, ದೇವರು ಕ್ಷಮಿಸಲಿ, ಕಾಲಿನಿಂದಲೂ ಒಂದು ಕೊಟ್ಟೆ. ನಮ್ಮಣ್ಣ ಮಗ್ಗದಿಂದ ಏಳದೆಯೇ, "ಮಳಿಗೆ ಮಣ್ಣ ಉಬ್ಬೇತಿ, ದೀಪಾವಳಿ ಮಟಾ ಹಂಗ ಇರ್ತದ ಬಿಡು" ಎಂದ.

ಎರೆಮಣ್ಣಿನ ಸಹವಾಸ ನಿಮಗಿಲ್ಲದಿದ್ದರೆ ಹೇಳುತ್ತೇನೆ ಕೇಳಿ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ಗೋಡೆಯನ್ನೇ ಎತ್ತುತ್ತದೆ. ನೀರನ್ನಂತೂ ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ನಮ್ಮ ಸಂಡಾಸದ ಹೊಂಡ ಆಷಾಢ ಬಂತೆಂದರೆ ತುಂಬಿ ತುಳುಕುತ್ತಿತ್ತು. ನೆಂಟರು ಬರುತ್ತೇವೆಂದರೆ ಅವ್ವ ಮೊದಲು ಹೊಂಡ ನೋಡಿ ಬಂದು, ಆಮೇಲೆ ಬನ್ನಿ ಎನ್ನುತ್ತಿದ್ದಳು. ನಗಬೇಡಿ, ಖರೇ ಹೇಳುತ್ತಿದ್ದೇನೆ.

ಹೀಗೆ ಬೆಳೆದ ನಾನು, ನಮ್ಮ ಯಜಮಾನರು ಮಾಸ್ತರರಾಗಿದ್ದ ಖಾನಾಪುರ ತಾಲೂಕಿನ ಗುಂಜಿಯಲ್ಲಿ ಮನೆ ಕಟ್ಟಿಸುವಾಗ ಆ ಊರಿನ ಗೌಂಡಿಗಳನ್ನೆಲ್ಲ ಬಿಟ್ಟು ಖಾಸಬಾಗದ ನಮ್ಮ ಗೌಂಡಿಯನ್ನೇ ಕರೆಸಿದೆ. ತವರಿನ ಕೈಯೆಂದರೆ ಅಷ್ಟು ನಂಬಿಕೆ! ಅವನು ಸಂಡಾಸದ ಹೊಂಡವನ್ನು ಖಾಸಬಾಗದ ಅಳತೆಯಲ್ಲೇ ಆಳವಾಗಿ ಅಗೆದ. ಕೆಂಪು ಕಲ್ಲುಮಣ್ಣು. ಎಷ್ಟು ಕೊಡ ಸುರಿದರೂ ನೀರು ಮಾಯ. "ಮಣ್ಣ ಭಾಳ ಚಲೋ ಐತ್ರೀ ಅಕ್ಕಾರ, ಗಟಗಟಾ ಕುಡೀತದ" ಎಂದು ಹಿಗ್ಗಿದ. ನಾನೂ ಹಿಗ್ಗಿದೆ. ನಾನು ಹಚ್ಚಿದ ಅಬೋಲಿ ಹೂವಿನ ಗಿಡಗಳು ದಿನಕ್ಕೆರಡು ಬಾರಿ ನೀರು ಹಾಕಿದರೂ ಒಣಗಿದವು. ಇರಲಿ, ಹೊಂಡ ತುಂಬುವುದಿಲ್ಲವಲ್ಲ! ಆ ನೀರು ಎಲ್ಲಿಗೆ ಹೋಗುತ್ತದೆಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಇಳಿಜಾರಿನಲ್ಲಿ ನಮ್ಮ ಕೆಳಗಿನ ಮನೆ ಸುಮನ್ ಮಾವಶಿಯದು. ನೆಂಟಸ್ತಿಕೆಯೇನಿಲ್ಲ, ಚಿಕ್ಕಮ್ಮನಂಥವರನ್ನು ಅಲ್ಲಿ ಹಾಗೆನ್ನುತ್ತಾರೆ. ನಮಗೆ ಬಾವಿ ಇರಲಿಲ್ಲ. ಕುಡಿಯಲು ದಿನಾ ಅವರ ಬಾವಿಯಿಂದ ಎರಡು ಕೊಡ ತರುತ್ತಿದ್ದೆ. "ಏನ್ ಸವಿ ನೀರ್ರೀ ಮಾವಶಿ" ಎಂದು ಹೊಗಳಿ ಹೊಗಳಿ ಕುಡಿದೆ, ಒಂದು ವರ್ಷ.

ಆಗ ಮಾವಶಿಯ ಮಗಳು ಬಾಣಂತನಕ್ಕೆ ಬಂದವಳು ಇನ್ನೂ ಅಲ್ಲೇ ಇದ್ದಳು. ಕೂಸಿಗೆ ಗಂಜಿ ಕುಡಿಸಲು ಶುರುಮಾಡಿದ್ದೇ ತಡ, ಭೇದಿ. ಔಷಧ ಹಾಕಿದರೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಹಲ್ಲು ಬರುತ್ತಿವೆ ಎಂದರು ಕೆಲವರು. ದೃಷ್ಟಿಯಾಗಿದೆ ಎಂದೆ ನಾನು. ಉಪ್ಪು, ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದವಳೂ ನಾನೇ.

ಅದೇ ವಾರ ಅಣ್ಣ ಒಂದು ಗಂಟು ನೂಲು ಕಳಿಸಿ, ನವಿಲು ಬಣ್ಣ ಹಾಕಿಕೊಡು ಎಂದ. ಗುಂಜಿಗೆ ಬಂದ ಮೇಲೆ ಬಣ್ಣದ ಕೆಲಸಕ್ಕೆ ಕೈಹಾಕಿದ್ದು ಅದೇ ಮೊದಲು. ಉಳಿದ ಬಣ್ಣದ ನೀರು ಅಂಗಳಕ್ಕೆ ಚೆಲ್ಲಿದರೆ ಅಳಿದುಳಿದ ಗಿಡಗಳೂ ಸತ್ತಾವೆಂಬ ದಯೆಯಿಂದ ಎರಡು ಬಕೆಟ್ಟನ್ನೂ ಸಂಡಾಸಕ್ಕೆ ಸುರಿದೆ.

ಮೂರನೆಯ ಬೆಳಿಗ್ಗೆ ಮಾವಶಿ ಬಿಳಿ ಬಟ್ಟಲು ಹಿಡಿದು ಓಡಿಬಂದರು. "ನೋಡ ಯವ್ವಾ, ಯಾರೋ ಹಾಳಾದವ್ರು ನಮ್ಮ ಬಾಂವ್ಯಾಗ ಮಾಟ ಮಾಡ್ಯಾರ!"

ಬಟ್ಟಲಿನಲ್ಲಿ ನೀಲಿ ನೀರು. ಕೆಂಪಾಗಿದ್ದರೆ ಮಣ್ಣಿನ ಮೇಲೆ ಹಾಕಿ ಸುಮ್ಮನಾಗುತ್ತಿದ್ದೆವು. ಇದು ನನ್ನ ಕೈಯ ನವಿಲು ಬಣ್ಣ. ಬಣ್ಣ ಮೂರು ದಿನದಲ್ಲಿ ಅಲ್ಲಿಗೆ ಮುಟ್ಟಿದೆ. ಹಾಗಾದರೆ ಬಣ್ಣವಿಲ್ಲದೆ ಹೋದದ್ದು? ವರ್ಷದಿಂದ ನಮ್ಮ ಮನೆಯದೆಲ್ಲ? ನಾನು ಸವಿ ಎಂದು ಹೊಗಳಿದ್ದು ಯಾವುದನ್ನು, ಶಿವನೇ!

ಸುಮ್ಮನಿದ್ದಿದ್ದರೆ ಎಲ್ಲ ಮಾಟದ ಮೇಲೆ ಹೋಗುತ್ತಿತ್ತು. ಹಾಗೇ ಬಿಟ್ಟುಬಿಡೋಣ ಅನ್ನಿಸಿತು ಕೂಡ, ಸುಳ್ಳೇಕೆ ಹೇಳಲಿ. ಆದರೆ ಕೆಳಗೆ ಕೂಸು ಅಳುತ್ತಿತ್ತು.

"ಮಾವಶಿ, ಮಾಟ ಅಲ್ರೀ. ಇದು ನಮ್ಮ ಸಂಡಾಸದಾಗ ಸುರುವಿದ ಬಣ್ಣ. ನಮ್ಮ ಹೊಂಡದ ನೀರು ನಿಮ್ಮ ಬಾವಿಗೆ ಬರಾಕತ್ತೇತಿ."

ಬೈಯುತ್ತಾರೆ, ಊರು ಕೂಡಿಸುತ್ತಾರೆ ಎಂದುಕೊಂಡೆ. ಅವರು ಮೆಟ್ಟಿಲ ಮೇಲೆ ಕುಸಿದು ಕುಳಿತು ತಮ್ಮ ಕೈಯನ್ನೇ ನೋಡಿಕೊಂಡರು. "ಕೂಸಿಗಿ ನಾನ ಕುಡಿಸೇನಲ್ಲ ಯವ್ವಾ ಅದನ್ನ, ನನ್ನ ಕೈಯಾರೆ" ಎಂದರು. ಆ ಮಾತು ಕೇಳುವ ಬದಲು ಎರಡು ಏಟು ತಿಂದಿದ್ದರೆ ಚೆನ್ನಾಗಿತ್ತು.

ಕೂಸನ್ನು ಅಂದೇ ಖಾನಾಪುರದ ಆಸ್ಪತ್ರೆಗೆ ಒಯ್ದೆವು. ಸಲೈನ್ ಹಚ್ಚಿದರು, ಉಳಿಯಿತು. ಗುಂಜಿಯ ಗೌಂಡಿ ಬಂದು ನಮ್ಮ ಹೊಂಡ ಇಣುಕಿ ಹಣೆ ಬಡಿದುಕೊಂಡ. "ಇದು ಕಲ್ಲಲ್ರೀ ಅಕ್ಕಾರ, ಜರಡಿ. ಒಂದ ಮಾತ ನಮ್ಮನ್ನ ಕೇಳೂದಿಲ್ಲೇನ್ರಿ?" ಎಂದ. ಹಳೆಯದನ್ನು ಮುಚ್ಚಿಸಿ, ಬಾವಿಯಿಂದ ದೂರ, ಮನೆಯ ಇನ್ನೊಂದು ಬದಿಗೆ ತಳಕ್ಕೂ ಸಿಮೆಂಟು ಹಾಕಿ ಹೊಸ ಟಾಕಿ ಕಟ್ಟಿದ. ಅದು ತುಂಬುತ್ತದೆ, ಗಾಡಿ ಕರೆಸಿ ತೆಗೆಸಬೇಕು. ತೆಗೆಸುತ್ತೇವೆ. ಬಾವಿಯನ್ನೂ ಬರಿದು ಮಾಡಿಸಿ, ನೀರು ತಪಾಸಣೆ ಮಾಡಿಸಿ ಕೊಟ್ಟೆವು.

ಮಾವಶಿ ಮಾತು ಬಿಡಲಿಲ್ಲ. ಬಂದು ಕೂರುತ್ತಾರೆ, ಹರಟುತ್ತಾರೆ. ಆದರೆ ಚಹಾ ಮುಂದಿಟ್ಟರೆ, "ಈಗ ಕುಡದ ಬಂದೇನಿ ಯವ್ವಾ" ಎನ್ನುತ್ತಾರೆ. ಆರು ವರ್ಷದಿಂದ ಅವರು ಈಗಷ್ಟೇ ಕುಡಿದೇ ಬರುತ್ತಿದ್ದಾರೆ. ನಾನೂ ಒತ್ತಾಯ ಮಾಡುವುದಿಲ್ಲ.

ತವರಿನಿಂದ ಮರಳಿದ ಮರುದಿನ, ಶಾಲೆಯ ಹಬ್ಬದ ಸೂಟಿಗೆ ಬಂದ ಅವರ ಮೊಮ್ಮಗಳು, ಅದೇ ಕೂಸು, ಬಿಸಿಲಲ್ಲಿ ಆಡಿ ಬಂದು, "ಆಂಟಿ, ನೀರು" ಎಂದಳು. ನಾನು ವಾಟಗಾ ತೊಳೆದು ನೀರು ತುಂಬಿಸಿದೆ. ಬಾಗಿಲಲ್ಲಿ ಮಾವಶಿ ನಿಂತಿದ್ದರು. ಬೇಡವೆನ್ನಲಿಲ್ಲ. ಹುಡುಗಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಓಡಿದಳು.

ಮಾವಶಿ ಒಳಗೆ ಬಂದು ಕುಳಿತರು.

"ನನಗೂ ಒಂದ ವಾಟಗಾ ಕೊಡ" ಎಂದರು.