ಗ್ರಾಫ್ ಏರಿತ್ತು, ಎಕ್ಸ್‌ರೇ ಬಂದಿರಲಿಲ್ಲ

ಸ್ನೇಹಿತರೇ, ಹಾಸನದ ನಮ್ಮ ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಈ ಮಹಾಜ್ಞಾನಿಯ, ಅಂದರೆ ನನ್ನದೇ, ಕಥೆ ಕೇಳಿ.

ಇವತ್ತು ಹನ್ನೊಂದು ಗಂಟೆಗೆ ಎಕ್ಸ್‌ರೇ ವಿಭಾಗದ ಜಯಮ್ಮ ನನ್ನ ಕೋಣೆಗೆ ಬಂದರು. "ಸಾ, ಒಂದು ಎಕ್ಸ್‌ರೇ ಪರದೆ ಮ್ಯಾಲೆ ಬರಕ್ಕೆ ಐದು ನಿಮಿಷ ಆಯ್ತಾ ಅದೆ. ಅರಕಲಗೂಡಿನ ಅಜ್ಜಿ ಮುರಿದ ಕೈ ಹಿಡ್ಕಂಡು ಕುಂತವ್ರೆ."

ನಾನು ಗತ್ತಿನಿಂದ, ಎಕ್ಸ್‌ರೇಗಳನ್ನೆಲ್ಲ ಇಡುವ ಸ್ಟೋರೇಜ್‌ನ ಗ್ರಾಫ್ ತೋರಿಸಿದೆ. "ನೋಡಿ, ಸೆಕೆಂಡಿಗೆ ಎಷ್ಟೊಂದು ಡೇಟಾ ಹರೀತಿದೆ! ನಮ್ಮ ಡಿಸ್ಕುಗಳು ಯಾವತ್ತೂ ಇಷ್ಟು ಜೋರಾಗಿ ಓಡಿಲ್ಲ."

"ಯಾರ್ ಕೆಲ್ಸಕ್ಕೆ ಓಡ್ತಾವೆ ಸಾ? ನಮ್ದಂತೂ ಬಂದಿಲ್ಲ."

ಹುಡುಕಿದೆ. ಓಡುತ್ತಿದ್ದದ್ದು ಎಲ್ಲ ಕಡತಗಳ ನಕಲು ತೆಗೆದಿಡಲು ನಾನೇ ನಿನ್ನೆ ಹೊಂದಿಸಿದ್ದ ಬ್ಯಾಕಪ್. ರಾತ್ರಿ ಹತ್ತಕ್ಕೆ ಶುರುವಾಗಬೇಕಾದ್ದನ್ನು ಬೆಳಗ್ಗೆ ಹತ್ತಕ್ಕೆ ಇಟ್ಟಿದ್ದೆ. ಅದರ ಹಿಂದೆ ಎಕ್ಸ್‌ರೇಗಳೆಲ್ಲ ಸಾಲುಗಟ್ಟಿ ಕಾಯುತ್ತಿದ್ದವು. ಎಷ್ಟು ಹರಿಯಿತು ಎಂದು ಬೀಗಿದ ನಾನು, ಡೇಟಾ ಕೇಳಿದವರು ಎಷ್ಟು ಹೊತ್ತು ಕಾದರು ಎಂದು ತೋರಿಸುವ, ಅದೇ ಗ್ರಾಫ್‌ನ ಪಕ್ಕದ ಗೆರೆಯನ್ನು ನೋಡಿರಲೇ ಇಲ್ಲ.

ಬ್ಯಾಕಪ್ ನಿಲ್ಲಿಸಿದೆ. ಎಕ್ಸ್‌ರೇ ತಕ್ಷಣ ಬಂತು. ಕ್ಷಮೆ ಕೇಳೋಣವೆಂದು ಹೋದರೆ ಅಜ್ಜಿ, "ನೀನೇನಪ್ಪಾ ರಿಪೇರಿ ಮಾಡ್ದೋನು? ನಿಂಗೆ ಒಳ್ಳೇದಾಗ್ಲಿ ಮಗಾ" ಎಂದರು. ಪಕ್ಕದಲ್ಲಿದ್ದ ಜಯಮ್ಮ ಕೆಮ್ಮಿದರು.

ಆ ಆಶೀರ್ವಾದ ವಾಪಸ್ ಕೊಡುವಷ್ಟು ಧೈರ್ಯ ನನಗೆ ಬರಲಿಲ್ಲ.