ಎಣ್ಣೆ ಕುಡಿಯುವ ಪಚ್ಚೆ

ಕುವೈತಿನ ಪೇಟೆಬೀದಿ ಸೂಕ್‌ನ ಒಡವೆ ಅಂಗಡಿಗೆ ನಾನು ಸೇರಿ ತಿಂಗಳಾಗಿರಲಿಲ್ಲ. ಮಂಗಳೂರಿನಲ್ಲಿ ಚಿನ್ನಕ್ಕೆ ಪಾಲಿಶ್ ಮಾಡಿಕೊಂಡಿದ್ದವನು. ಕಲ್ಲುಗಳ ವಿಷಯ ಏನೇನೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಬಾಯಿ ಆಗ ನನ್ನದಲ್ಲ.

ಒಂದು ಬೆಳಿಗ್ಗೆ ವಯಸ್ಸಾದ ಕುವೈತಿ ಹೆಂಗಸೊಬ್ಬರು ಪಚ್ಚೆಯ ಉಂಗುರ ತಂದು, ಮಂಕಾಗಿದೆ, ಶುಚಿ ಮಾಡಿಡಿ ಎಂದು ಕೊಟ್ಟು ಹೋದರು. ಅವರ ಅಜ್ಜ ಮುತ್ತಿನ ವ್ಯಾಪಾರಿಯಂತೆ. ಇಲ್ಲಿನ ಸಮುದ್ರದ ಮುತ್ತುಗಳನ್ನು ಸೊಂಟದ ಬಟ್ಟೆಯಲ್ಲಿ ಕಟ್ಟಿಕೊಂಡು, ಹಾಯಿಹಡಗಿನಲ್ಲಿ ನಮ್ಮ ಕರಾವಳಿಯವರೆಗೂ ಹೋಗಿಬರುತ್ತಿದ್ದವರು. ಮುತ್ತು ಕೊಟ್ಟು ತಂದ ಪಚ್ಚೆ ಅದು. ನಾನೋ ಮಹಾ ಜಾಣ, ಚಿನ್ನ ತೊಳೆಯುವ ಮೆಷಿನ್ನಿನ ಬಿಸಿನೀರಿಗೆ ಹಾಕಿಬಿಟ್ಟೆ. ತೆಗೆದು ನೋಡಿದರೆ ಹಸಿರು ಸತ್ತುಹೋಗಿತ್ತು, ಒಳಗೆಲ್ಲ ಬಿಳಿ ಬಿರುಕುಗಳು. ಅಯ್ಯೋ ದೇವರೇ! ಖಲಾಸ್, ಇಲ್ಲಿರಲು ಕೊಟ್ಟ ಇಕಾಮಾ ಪರವಾನಗಿ ರದ್ದು, ಊರಿಗೆ ಟಿಕೆಟ್ ಎಂದುಕೊಂಡೆ. ಊರಲ್ಲಿ ಹೆಂಡತಿ ಏಳು ತಿಂಗಳ ಬಸುರಿ.

ಅಂಗಡಿಯಲ್ಲಿ ಕಲ್ಲು ನೋಡುತ್ತಿದ್ದ ಹಿರಿಯರು ತುಳುವರು, ನನ್ನದು ಕೊಂಕಣಿ ಮನೆ; ನಮ್ಮಿಬ್ಬರ ಮಾತು ಕನ್ನಡದಲ್ಲಿ.

"ಎಂತ ಮಾಡಿದ್ದು ಮಾರಾಯ ನೀನು! ಪಚ್ಚೆಯನ್ನು ಯಾರಾದ್ರೂ ಬಿಸಿನೀರಿಗೆ ಹಾಕ್ತಾರಾ? ಬಿರುಕು ಕಾಣದ ಹಾಗೆ ಅದಕ್ಕೆ ಎಣ್ಣೆ ಕುಡಿಸಿರ್ತಾರೆ. ನೀನು ಆ ಎಣ್ಣೆಯನ್ನೇ ತೊಳೆದು ತೆಗೆದದ್ದು."

"ಸರಿ ಮಾಡ್ಲಿಕ್ಕೆ ಆಗ್ತದಾ ಅಣ್ಣಾ?"

"ಆಗ್ತದೆ. ಮೊದಲು ಅವರಿಗೆ ಹೇಳು. ನೀನೇ ಹೇಳ್ಬೇಕು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗುಟ್ಟಾಗಿ ಎಣ್ಣೆ ಹಾಕಿಟ್ಟರೆ ಮುಗಿಯುತ್ತಿತ್ತಲ್ಲ! ಆ ದಿನ ಅಣ್ಣ ನನ್ನನ್ನು ಎಂಥ ಸುಳ್ಳಿನಿಂದ ಉಳಿಸಿದರೆಂದು ತಿಳಿಯಲು ವರ್ಷಗಳೇ ಬೇಕಾದವು. ಅವರ ಋಣ ತೀರುವಂಥದ್ದಲ್ಲ.

ಸಂಜೆ ಆಕೆ ಬಂದಾಗ ಹರುಕುಮುರುಕು ಅರಬ್ಬಿಯಲ್ಲಿ ಎಲ್ಲವನ್ನೂ ಹೇಳಿದೆ. ಆಕೆ ಉಂಗುರವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಈ ಬಿರುಕುಗಳನ್ನು ಅಜ್ಜ ನೋಡಿಯೇ ಕೊಂಡದ್ದು. ಬಿರುಕಿಲ್ಲದ ಕಲ್ಲಿಗೆ ಅವರ ಮುತ್ತು ಸಾಲಲಿಲ್ಲವಂತೆ. ಪ್ರತಿ ಚಳಿಗಾಲಕ್ಕೂ ಅಮ್ಮ ಎಣ್ಣೆ ಹಾಕಿಸುತ್ತಿದ್ದಳು. ಅವಳು ಹೋದ ಮೇಲೆ ಯಾರೂ ಹಾಕಿಸಿಲ್ಲ. ನೀನು ಹಾಕು."

ದೇವದಾರು ಎಣ್ಣೆಯಲ್ಲಿ ಕಲ್ಲು ನೆನೆಹಾಕುವುದನ್ನು ಅಣ್ಣ ಪಕ್ಕದಲ್ಲಿ ನಿಂತು ಕಲಿಸಿದರು. ನಾಲ್ಕನೇ ದಿನಕ್ಕೆ ಹಸಿರು ಮರಳಿತು. ನನ್ನ ಕೆಲಸವೂ ಉಳಿಯಿತು. ಮಗಳು ಹುಟ್ಟಿದ ಸುದ್ದಿಯನ್ನು ಅದೇ ಅಂಗಡಿಯಲ್ಲಿ ನಿಂತು ಕೇಳಿದೆ.

ಆ ಮಗಳು ಈಗ ಇಲ್ಲೇ ಇದ್ದಾಳೆ, ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವಷ್ಟು ಬೆಳೆದಿದ್ದಾಳೆ. ಇಷ್ಟೂ ವರ್ಷ ಪಚ್ಚೆಯ ಆ ಹೆಂಗಸು ಪ್ರತಿ ಚಳಿಗಾಲವೂ ಎಣ್ಣೆ ಹಾಕಿಸಲು ಬಂದರು. "ಆ ಬಿಸಿನೀರಿನವನನ್ನು ಕರೆಯಿರಿ" ಎಂದು ಗಿರಾಕಿಗಳ ಎದುರೇ ಕೂಗುತ್ತಿದ್ದರು. ನನಗೆ ನಾಚಿಕೆ, ಒಳಗೊಳಗೇ ಖುಷಿ.

ಈ ಚಳಿಗಾಲ ಉಂಗುರ ತಂದದ್ದು ಅವರ ಮಗಳು. ಅದನ್ನು ಕೌಂಟರಿನ ಮೇಲಿಡದೆ ಮುಷ್ಟಿಯಲ್ಲೇ ಹಿಡಿದುಕೊಂಡು, "ಬಿಸಿನೀರಿನವರು ಯಾರು? ಅವರ ಕೈಗೇ ಕೊಡು ಅಂತ ಅಮ್ಮ ಹೋಗುವ ಮುಂಚೆ ಹೇಳಿದ್ದಳು" ಎಂದರು.

ನಾನೇ ಎಂದು ಕೈಚಾಚಿದೆ.